ಸೀರಿಯಲ್ ಪೋರ್ಟ್‌ನಲ್ಲಿ ಕಸ ಬರುತ್ತಿತ್ತು, ತಪ್ಪು ಕ್ಲಾಕ್‌ನದು

ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಬೋರ್ಡ್ ಕಂಪ್ಯೂಟರ್ ಜೊತೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಸರಿಯಾಗಿ ಮಾತಾಡುತ್ತಿತ್ತು. 115200ಕ್ಕೆ ಏರಿಸಿದರೆ ಪರದೆ ಮೇಲೆ ನಾಲ್ಕು ಅಕ್ಷರ ಸರಿ, ಐದನೆಯದು ಚೌಕದ ಡಬ್ಬಿ. ಕೋಡ್ ತಡಕಾಡಿ ಪ್ರಯೋಜನವಿಲ್ಲ, ಇದು ಬರೀ ಭಾಗಾಕಾರದ ಸಮಸ್ಯೆ: ಚಿಪ್ ತನ್ನ ಕ್ಲಾಕನ್ನು ಪೂರ್ಣ ಸಂಖ್ಯೆಯಿಂದ ಭಾಗಿಸಿ ಈ ವೇಗ ಪಡೆಯುತ್ತದೆ. ಚಿಪ್ ಒಳಗೆ ರೆಸಿಸ್ಟರ್-ಕೆಪಾಸಿಟರ್‌ನಿಂದ ಕ್ಲಾಕ್ ಹುಟ್ಟಿಸುವ 8 ಮೆಗಾಹರ್ಟ್ಸ್ ಆರ್‌ಸಿ ಆಸಿಲೇಟರ್‌ನಿಂದ ಸಿಗುವ ಅತಿ ಹತ್ತಿರದ ವೇಗ 111111, ಅಂದರೆ 3.5% ಕಡಿಮೆ. ಪ್ರತಿ ಅಕ್ಷರದ ಕೊನೆಯ ಸ್ಟಾಪ್ ಬಿಟ್ ಬರುವಷ್ಟರಲ್ಲಿ ಒಂದು ಬಿಟ್‌ನ ಮೂರನೇ ಒಂದು ಭಾಗದಷ್ಟು ಜಾರಿರುತ್ತದೆ. ಅದರ ಮೇಲೆ ಬಿಸಿಯಾದಾಗ ಆರ್‌ಸಿಯೇ ಅಲ್ಲಾಡುತ್ತದೆ.

ನಿಖರ ಕ್ಲಾಕ್ ಕೊಡುವ 16 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು ಹೊರಗಿನಿಂದ ಹಾಕಿದರೂ 2.1% ತಪ್ಪು ಉಳಿಯುತ್ತದೆ. ಹಾಗಾಗಿ 7.3728 ಮೆಗಾಹರ್ಟ್ಸ್ ಕ್ರಿಸ್ಟಲ್ ಆರಿಸಿದೆ: 64ರಿಂದ ಭಾಗಿಸಿದರೆ ನೇರ 115200, ವೇಗ ನಿಗದಿ ಮಾಡುವ ರಿಜಿಸ್ಟರ್ ಯುಬಿಆರ್‌ಆರ್‌ಗೆ 3. ಒಂದು ತೊಡಕು, 1 ಮಿಲಿಸೆಕೆಂಡ್ ಟೈಮರ್ ಕರಾರುವಾಕ್ಕಾಗಿ ಬರುವುದಿಲ್ಲ. 10 ಮಿಲಿಸೆಕೆಂಡ್ ಬರುತ್ತದೆ.

ಕ್ರಿಸ್ಟಲ್ ಕಾಲುಗಳ ಕೆಪಾಸಿಟರ್ ಅಂದಾಜಿನಲ್ಲಿ ಹಾಕಬೇಡಿ. ಕ್ರಿಸ್ಟಲ್‌ನ ಲೋಡ್ ಕೆಪಾಸಿಟೆನ್ಸ್ 12 ಪಿಕೋಫ್ಯಾರಡ್, ಬೋರ್ಡ್‌ನ ಹಾದಿಗಳದ್ದು ಸುಮಾರು 3. ವ್ಯತ್ಯಾಸ 9, ಅದರ ಎರಡರಷ್ಟು 18. ಎರಡೂ ಕಾಲಿಗೆ ತಲಾ 18 ಪಿಕೋಫ್ಯಾರಡ್, ಪಿನ್‌ಗೆ ಅಂಟಿಕೊಂಡಂತೆ. ಕ್ಲಾಕ್ ಎಲ್ಲಿಂದ ತಗೋಬೇಕೆಂದು ಚಿಪ್‌ಗೆ ಹೇಳುವ ಸೆಟ್ಟಿಂಗ್ ಆದ ಲೋ ಫ್ಯೂಸ್ 0xಎಫ್‌ಡಿ.

ಆಸಿಲೋಸ್ಕೋಪ್ ಪ್ರೋಬನ್ನು ಕ್ರಿಸ್ಟಲ್ ಕಾಲಿಗೆ ಇಡಬೇಡಿ. ಪ್ರೋಬ್‌ನದೇ 10 ಪಿಕೋಫ್ಯಾರಡ್ ಸೇರಿ ಆವರ್ತನ ಸರಿಯುತ್ತದೆ, ಕೆಲವೊಮ್ಮೆ ಆಸಿಲೇಟರ್ ನಿಂತೇ ಹೋಗುತ್ತದೆ. ಕ್ಲಾಕನ್ನು ಹೊರಗಿನ ಪಿನ್‌ಗೆ ಕಳಿಸುವ ಸಿಕೆಔಟ್ ಫ್ಯೂಸ್ ಆನ್ ಮಾಡಿ ಪಿಬಿ0 ಪಿನ್‌ನಲ್ಲಿ ಅಳೆಯಿರಿ.