ಗಾಡಿ ಮಿಸ್ಸಿಂಗ್ ಹೊಡೀತಿದೆಯಾ? ಹೊಸ ಪಾರ್ಟ್ ತರುವ ಮೊದಲು ಅದಲು ಬದಲು ಮಾಡಿ ನೋಡಿ

ಎರಡು ವರ್ಷದ ಹಿಂದೆ, ಜುಲೈ ಮಳೆಯಲ್ಲಿ, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ನಾಲ್ಕೈದು ತಿರುವು ದಾಟಿದ್ದೆ ಅಷ್ಟೇ, ಕಾರು ಜಗ್ಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಮುಂದೆ ಹೋಗುವ ಬದಲು ನಡುಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಮರುದಿನ ಗ್ಯಾರೇಜಿಗೆ ಬಿಟ್ಟೆ. ಮೊದಲು ಥ್ರಾಟಲ್ ಬಾಡಿ ತೊಳೆದರು. ಹೋಗಲಿಲ್ಲ. ಪೆಟ್ರೋಲ್ ಪಂಪ್ ಬದಲಿಸಿದರು. ಹೋಗಲಿಲ್ಲ. ಆಕ್ಸಿಜನ್ ಸೆನ್ಸರ್ ಹಾಕಿದರು. ಆಗಲೂ ಹೋಗಲಿಲ್ಲ. ಮೂರು ವಾರ, ಹದಿನಾರು ಸಾವಿರ ರೂಪಾಯಿ. ಕೊನೆಗೆ ನಮ್ಮ ಬೀದಿಯಲ್ಲಿರುವ ನಿವೃತ್ತ ಮೆಕ್ಯಾನಿಕ್ ಒಬ್ಬರು ಒಂದು 10 ನಂಬರ್ ಸ್ಪ್ಯಾನರ್ ಹಿಡಿದು ಬಂದು, ಅರ್ಧ ಗಂಟೆಯಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಿಕೊಟ್ಟರು. ಎರಡನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್, ಅಂದರೆ ಸ್ಪಾರ್ಕ್ ಪ್ಲಗ್ಗಿಗೆ ಹೆಚ್ಚು ವೋಲ್ಟೇಜ್ ಕೊಡುವ ಭಾಗ, ಕೆಟ್ಟಿತ್ತು.

ಅವರು ಹೊಸದಾಗಿ ಏನನ್ನೂ ಹಾಕಲಿಲ್ಲ. ಇದ್ದದ್ದನ್ನೇ ಅತ್ತಿಂದಿತ್ತ ಬದಲಾಯಿಸಿ ನೋಡಿದರು. ಆಮೇಲೆ ಪರಿಚಯದವರು ಆರೇಳು ಜನ ನನ್ನ ಹಾಗೇ ದುಡ್ಡು ಸುರಿಯುವುದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಇದು ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳಿಗೆ ಮಾತ್ರ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸಿ ಇಂಧನ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಅದರ ದಾರಿ ಬೇರೆ.

ಮೊದಲು ಇದು ಮಿಸ್ಸಿಂಗೇ ಹೌದಾ?

ನಾಲ್ಕು ಸಿಲಿಂಡರಿನ ಇಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ನಿಮಿಷಕ್ಕೆ 750 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಆಗ ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 375 ಸಲ ಬೆಂಕಿ ಹತ್ತಬೇಕು. ಹಾಗೆ ಹತ್ತದಿರುವುದೇ ಮಿಸ್ಸಿಂಗ್. ಒಂದರಲ್ಲಿ ಮಾತ್ರ ಹತ್ತದಿದ್ದರೆ ಇಂಜಿನ್ ಒಂದೇ ತಾಳದಲ್ಲಿ ಕುಂಟುತ್ತದೆ. ಸೈಲೆನ್ಸರ್ ಹಿಂದೆ ಕೈ ಹಿಡಿದರೆ ಪುಫ್, ಪುಫ್ ಎಂದು ಬಿಟ್ಟು ಬಿಟ್ಟು ಗಾಳಿ ತಾಗುತ್ತದೆ. ಪಿಕಪ್ ಇಳಿಯುತ್ತದೆ, ಹಸಿ ಪೆಟ್ರೋಲಿನ ವಾಸನೆ ಬರುತ್ತದೆ. ಮೂರು ಸಿಲಿಂಡರಿನ ಸಣ್ಣ ಕಾರುಗಳು ಹುಟ್ಟಿನಿಂದಲೇ ಸ್ವಲ್ಪ ನಡುಗುತ್ತವೆ. ನಿಮ್ಮ ಕಾರು ಹೊಸದರಲ್ಲೂ ಹಾಗೇ ಇದ್ದರೆ ಅದು ರೋಗವಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇಂಜಿನ್ ದೀಪ ಸುಮ್ನೆ ಹತ್ತಿ ನಿಂತಿದ್ದರೆ ನಿಧಾನವಾಗಿ ಮನೆಗೆ ಬರಬಹುದು. ಅದು ಮಿಣುಕ್ ಮಿಣುಕ್ ಎನ್ನುತ್ತಿದ್ದರೆ ಕಾಲು ತೆಗೆಯಿರಿ, ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೀದಾ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಕರಗಿ ಕಟ್ಟಿಕೊಳ್ಳುತ್ತದೆ. ಕಾಯಿಲ್ ಬೆಲೆಯ ಎಷ್ಟೋ ಪಟ್ಟು ದುಡ್ಡು ಅಲ್ಲಿ ಹೋಗುತ್ತದೆ.

ಕೋಡ್ ಓದಿ, ಬರೆದಿಡಿ

ನಮ್ಮ ದೇಶದಲ್ಲಿ 2013ರ ನಂತರ ಬಂದ ಕಾರುಗಳಲ್ಲಿ ಒಬಿಡಿ-2 ಇರುತ್ತದೆ, ಅಂದರೆ ಇಂಜಿನ್ನಿನ ತಪ್ಪನ್ನು ತಾನೇ ಗುರುತಿಸಿ ಕೋಡ್ ಆಗಿ ಬರೆದಿಡುವ ವ್ಯವಸ್ಥೆ. ಸ್ಟಿಯರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಒಂದು ಸಾಕೆಟ್ ಕಾಣುತ್ತದೆ. ಬ್ಲೂಟೂತ್ ಸ್ಕ್ಯಾನರ್ ಒಂದನ್ನು ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿ ಓದಬಹುದು. ಸಾವಿರ ರೂಪಾಯಿ ಆಸುಪಾಸಿನದು ಸಾಕು. ತೀರಾ ಅಗ್ಗದವು ಕೆಲವು ಕಾರುಗಳ ಜೊತೆ ಮಾತೇ ಆಡುವುದಿಲ್ಲ. ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ.

ಪಿ0301 ಅಂದರೆ 1ನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0302 ಅಂದರೆ 2ನೆಯದರಲ್ಲಿ. ಹೀಗೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0300 ಬಂದರೆ ಒಂದೇ ಸಿಲಿಂಡರಿಗೆ ಅಂಟಿಕೊಂಡಿಲ್ಲ, ಅಲ್ಲಲ್ಲಿ ಆಗುತ್ತಿದೆ ಎಂದು ಅರ್ಥ. ಆಗ ಪೆಟ್ರೋಲ್ ಪ್ರೆಶರ್ ನೋಡಿಸಬೇಕು, ಎಲ್ಲಾದರೂ ಗಾಳಿ ಸೋರುತ್ತಿದೆಯಾ ಎಂದೂ ನೋಡಬೇಕು. ಕೋಡಿನ ಜೊತೆ ‘ಫ್ರೀಜ್ ಫ್ರೇಮ್’ ಎಂಬ ಪುಟವೂ ಇರುತ್ತದೆ. ತಪ್ಪು ಆದ ಹೊತ್ತಿನಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸುತ್ತು ತಿರುಗುತ್ತಿತ್ತು, ಅದರ ಮೇಲೆ ಎಷ್ಟು ಭಾರ (ಲೋಡ್) ಬಿದ್ದಿತ್ತು ಎಲ್ಲ ಅಲ್ಲಿ ಸಿಗುತ್ತದೆ. ಅದರ ಫೋಟೋ ತೆಗೆದಿಡಿ.

ಇಲ್ಲೇ ಜನ ಮೊದಲ ಸಲ ಎಡವುವುದು. ದೀಪ ಹೋಗಲಿ ಎಂದು ಬ್ಯಾಟರಿ ಟರ್ಮಿನಲ್ ಕಿತ್ತು ಹಾಕುತ್ತಾರೆ. ಕೋಡ್ ಅಳಿಸಿಹೋಗುತ್ತದೆ, ತಪ್ಪು ಅಲ್ಲೇ ಇರುತ್ತದೆ. ಗ್ಯಾರೇಜಿನವರು ಹಾಗೆ ಮಾಡಲು ಹೊರಟರೆ ಬೇಡ ಎನ್ನಿ.

ಇನ್ನೊಂದು, ನನ್ನ ಹಣ ಹೋದ ಜಾಗ. ಮಿಸ್ಸಿಂಗ್ ಕೋಡಿನ ಜೊತೆ ಪಿ0171 ಕೂಡ ಬರಬಹುದು, ಅಂದರೆ ‘ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ’. ಅದನ್ನು ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಬೇಡಿ. ಬೆಂಕಿ ಹತ್ತದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕ ಹಾಗೇ ಹೊರಗೆ ಬರುತ್ತದೆ. ಸೆನ್ಸರ್ ಕಂಡದ್ದನ್ನು ಕಂಡಂತೆ ಹೇಳುತ್ತಿದೆ. ಮೊದಲು ಮಿಸ್ಸಿಂಗ್ ಸರಿ ಮಾಡಿ, ಆಮೇಲೂ ಆ ಕೋಡ್ ಬಂದರೆ ಯೋಚಿಸಿ.

ಕಣ್ಣಿಂದ ನೋಡುವುದು

ಬಾನೆಟ್ ಎತ್ತಿ ಐದು ನಿಮಿಷ ನೋಡಿ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಜಾಗ ಹುಡುಕಿ ಇಂಜಿನ್ ಮೇಲೆ ಮಲಗುತ್ತವೆ, ವೈರ್ ಕಡಿಯುತ್ತವೆ. ಹಿಕ್ಕೆ ಕಂಡರೆ ಅಲ್ಲಿಂದಲೇ ಶುರು ಮಾಡಿ. ಸಡಿಲ ಕನೆಕ್ಟರ್, ಕಳಚಿದ ಗಾಳಿ ಪೈಪು, ಸುಂಯ್ ಎನ್ನುವ ಸದ್ದು ಇದ್ದರೆ ಅದನ್ನು ಮೊದಲು ಸರಿಮಾಡಿ.

ಈಗ ನಿಜವಾದ ಕೆಲಸ: ಅದಲು ಬದಲು

ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಬೆಳಿಗ್ಗೆ ಮಾಡುವುದೇ ಒಳ್ಳೆಯದು. ಪ್ಲಗ್ ಕೂರುವ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂದು. ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ತ್ರೆಡ್ ಕಿತ್ತು ಬರಬಹುದು. ಕೀ ತೆಗೆದು ಜೇಬಿಗೆ ಹಾಕಿ. ಇಂಜಿನ್ ಓಡುತ್ತಿರುವಾಗ ಕಾಯಿಲ್ ಕೀಳುವುದನ್ನು ಹಳೆಯ ಮೆಕ್ಯಾನಿಕ್‌ಗಳು ಮಾಡುತ್ತಾರೆ, ನೀವು ಮಾಡಬೇಡಿ. ಅಲ್ಲಿ 20 ಸಾವಿರ ವೋಲ್ಟ್‌ಗೂ ಮೇಲೆ ಇರುತ್ತದೆ. ಕೈಗೂ ಕೇಡು, ಕಾರಿನ ಕಂಪ್ಯೂಟರಿಗೂ ಕೇಡು.

ಇಂಜಿನ್ ಅಡ್ಡಲಾಗಿ ಕೂತಿರುವ ಹೆಚ್ಚಿನ ಕಾರುಗಳಲ್ಲಿ ಬೆಲ್ಟ್ ಇರುವ ಬದಿಯದು 1ನೇ ಸಿಲಿಂಡರ್. ಆದರೂ ಕಾರಿನ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಕಾಯಿಲ್‌ಗಳ ಮೇಲೆ ಟೇಪ್ ಅಂಟಿಸಿ 1, 2, 3, 4 ಎಂದು ಬರೆಯಿರಿ. ಈ ಟೇಪನ್ನು ದಯವಿಟ್ಟು ಬಿಡಬೇಡಿ. ಎರಡನೇ ಸಲ ಬಿಚ್ಚುವ ಹೊತ್ತಿಗೆ ಯಾವುದು ಎಲ್ಲಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ.

ಪಿ0302 ಬಂದಿದೆ ಅಂದುಕೊಳ್ಳೋಣ. 2 ಮತ್ತು 3ನೇ ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ. ಲಾಕ್ ಒತ್ತಿ ಹಿಡಿದು ಕನೆಕ್ಟರಿನ ಮೈ ಹಿಡಿದೇ ಎಳೆಯಬೇಕು, ವೈರ್ ಹಿಡಿದು ಎಳೆಯಬಾರದು. ಐದಾರು ವರ್ಷದ ಬಿಸಿಗೆ ಆ ಪ್ಲಾಸ್ಟಿಕ್ ಗರಿಗರಿ ಆಗಿರುತ್ತದೆ, ಹುಷಾರು. ಬೋಲ್ಟ್ ತೆಗೆದು, ಕಾಯಿಲನ್ನು ಸ್ವಲ್ಪ ತಿರುಚುತ್ತಾ ಮೇಲಕ್ಕೆತ್ತಿ. ಅದರ ತುದಿಯಲ್ಲಿ ಪ್ಲಗ್ಗನ್ನು ಮುಚ್ಚುವ ರಬ್ಬರ್ ಬೂಟ್ ನೋಡಿ. ಬಿರುಕು ಇದೆಯಾ? ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಇದೆಯಾ? ಇದ್ದರೆ ಸ್ಪಾರ್ಕ್ ಒಳಗೆ ಹೋಗದೆ ಪಕ್ಕದಿಂದ ಹೆಡ್‌ಗೆ ಹಾರುತ್ತಿದೆ. ಪ್ಲಗ್ ಕೂರುವ ಗುಂಡಿಯಲ್ಲಿ ನೀರು ನಿಂತಿದ್ದರೆ ಯಾರೋ ಇಂಜಿನ್‌ಗೆ ಪ್ರೆಶರ್ ವಾಶ್ ಹೊಡೆದಿದ್ದಾರೆ. ಪ್ರೆಶರ್ ವಾಶ್ ಮಾಡಿಸಲೇಬೇಡಿ. ಎಣ್ಣೆ ನಿಂತಿದ್ದರೆ ವಾಲ್ವ್ ಕವರಿನ ಸೀಲ್ ಹೋಗಿದೆ. ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದರ ಬೂಟೂ ಎಣ್ಣೆ ಕುಡಿದು ಹಾಳಾಗುತ್ತದೆ.

ಈಗ 2ರ ಕಾಯಿಲನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿ. ಅಷ್ಟೇ. ಪ್ಲಗ್ ಮುಟ್ಟಬೇಡಿ. ನಾನು ನೋಡಿದವರಲ್ಲಿ ಮುಕ್ಕಾಲು ಪಾಲು ಜನ ಇಲ್ಲೇ ಕೆಡಿಸಿಕೊಳ್ಳುವುದು. ‘ಹೇಗೂ ಬಿಚ್ಚಿದ್ದೇವಲ್ಲ’ ಎಂದು ಪ್ಲಗ್ಗನ್ನೂ ಬದಲಿಸುತ್ತಾರೆ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಕ್ಲೀನರನ್ನೂ ಟ್ಯಾಂಕಿಗೆ ಸುರಿಯುತ್ತಾರೆ. ಗಾಡಿ ಸರಿಯಾದರೂ ಯಾವುದರಿಂದ ಆಯಿತು ಎಂದು ತಿಳಿಯುವುದಿಲ್ಲ. ಆಗದಿದ್ದರೆ ಇನ್ನೂ ಕಷ್ಟ. ಒಂದು ಸಲಕ್ಕೆ ಒಂದೇ ವಸ್ತು ಜಾಗ ಬದಲಿಸಬೇಕು.

ಸ್ಕ್ಯಾನರಿನಿಂದ ಕೋಡ್ ಅಳಿಸಿ, ಓಡಿಸಿ. ಎಲ್ಲಿ ಓಡಿಸುತ್ತೀರಿ ಎಂಬುದೂ ಮುಖ್ಯ. ಲೋಡ್ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿಯಾಗುತ್ತದೆ. ಒತ್ತಡ ಹೆಚ್ಚಿದಷ್ಟೂ ಸ್ಪಾರ್ಕ್ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬಡವಾದ ಕಾಯಿಲ್ ಮನೆಯಂಗಳದಲ್ಲಿ ಚೆನ್ನಾಗಿಯೇ ಇರುತ್ತದೆ, ಘಾಟಿಯಲ್ಲಿ ಕೈ ಕೊಡುತ್ತದೆ. ಆದ್ದರಿಂದ ಮೊದಲೇ ತೆಗೆದಿಟ್ಟ ಫ್ರೀಜ್ ಫ್ರೇಮಿನ ಫೋಟೋ ನೋಡಿ. ಬಿಸಿ ಇಂಜಿನ್ನಿನಲ್ಲಿ, ಏರಿನಲ್ಲಿ ಆಗಿದ್ದರೆ ಹಾಗೇ ಬಿಸಿ ಮಾಡಿ, ಹತ್ತಿರದ ಏರು ಹತ್ತಿಸಿ. ದೀಪ ಮಿಣುಕಿದ ಕೂಡಲೇ ನಿಲ್ಲಿಸಿ ಕೋಡ್ ಓದಿ.

ಈಗ ಪಿ0303 ಬಂತಾ? ತಪ್ಪು ಕಾಯಿಲ್ ಜೊತೆಗೇ ನಡೆದುಕೊಂಡು ಹೋಯಿತು. ಕಾಯಿಲ್ ಕೆಟ್ಟಿದೆ, ಹೊಸದು ಹಾಕಿ. ಪಿ0302 ಆಗಿಯೇ ಉಳಿಯಿತಾ? ಕಾಯಿಲ್ ಸರಿಯಿದೆ. ಮುಂದೆ 2ರ ಪ್ಲಗ್ಗನ್ನು 4ಕ್ಕೆ ಹಾಕಿ ಇದೇ ರೀತಿ ನೋಡಿ. ಪಿ0304 ಬಂದರೆ ಪ್ಲಗ್. ಇನ್ನೂ 2ರಲ್ಲೇ ಇದ್ದರೆ ಇಂಜೆಕ್ಟರ್, ವೈರಿಂಗ್ ಅಥವಾ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ).

ಪ್ಲಗ್ಗಿಗೆ ಒಂದೊಂದು ಕಾಯಿಲ್ ಇಲ್ಲದ ಕಾರುಗಳೂ ಇವೆ. ಎರಡು ಸಿಲಿಂಡರಿಗೆ ಒಂದು ಕಾಯಿಲ್ ಇದ್ದು ದಪ್ಪ ವೈರ್ ಹೋಗಿರುತ್ತದೆ. ಅಂಥದರಲ್ಲಿ 1 ಮತ್ತು 4, ಇಲ್ಲವೇ 2 ಮತ್ತು 3 ಜೊತೆಯಾಗಿ ಮಿಸ್ ಹೊಡೆದರೆ ಕಾಯಿಲ್ ಮೇಲೆ ಅನುಮಾನ ಪಡಿ. ಒಂದೇ ಹೊಡೆದರೆ ಮೊದಲು ವೈರ್ ಮತ್ತು ಪ್ಲಗ್ ನೋಡಿ.

ಪ್ಲಗ್ ಬಿಚ್ಚಿ ಹಾಕುವಾಗ

ಗುಂಡಿಯೊಳಗಿನ ಧೂಳನ್ನು ಮೊದಲು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ. ಇಲ್ಲದಿದ್ದರೆ ಪ್ಲಗ್ ಬಂದ ಕೂಡಲೇ ಮರಳು ಸಿಲಿಂಡರಿಗೆ ಬೀಳುತ್ತದೆ. ಬಿಚ್ಚಿದ ಪ್ಲಗ್ಗಿನ ತುದಿ ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ ಅಥವಾ ಸ್ಪಾರ್ಕ್ ಬಡವಾಗಿದೆ. ಎಣ್ಣೆ ಮೆತ್ತಿದ ಕಪ್ಪು ಅಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಸುದ್ದಿ.

ಹಾಕುವಾಗ ಸ್ಪ್ಯಾನರಿನಿಂದ ಶುರು ಮಾಡಲೇಬೇಡಿ. ಒಂದಡಿ ರಬ್ಬರ್ ಪೈಪಿನ ತುದಿಗೆ ಪ್ಲಗ್ಗಿನ ತಲೆ ಸಿಕ್ಕಿಸಿ, ಪೈಪನ್ನು ಬೆರಳಲ್ಲಿ ತಿರುಗಿಸಿ. ತ್ರೆಡ್ ಅಡ್ಡ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಸ್ಪ್ಯಾನರ್ ಆಗಿದ್ದರೆ ನಿಮ್ಮ ಬಲಕ್ಕೆ ತ್ರೆಡ್ಡೇ ಹೋಗುತ್ತಿತ್ತು. ಹೊಸ ಪ್ಲಗ್ ವಾಷರ್ ತಾಗುವ ತನಕ ಕೈಯಲ್ಲಿ, ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು. ಹಳೆಯ ಪ್ಲಗ್ ಆದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಒಂದು ಸಣ್ಣ ಜಗ್ಗು ಸಾಕು. ಟಾರ್ಕ್ ಸ್ಪ್ಯಾನರ್ ಇದ್ದರೆ ಪುಸ್ತಕದ ಅಳತೆಗೇ ಬಿಗಿ ಮಾಡಿ. ಇರಿಡಿಯಂ ಪ್ಲಗ್ಗಿನ ಗ್ಯಾಪ್ ಮುಟ್ಟಬೇಡಿ, ಅದರ ತುದಿ ಸೂಜಿಯಷ್ಟು ತೆಳ್ಳಗೆ, ಮುರಿಯುತ್ತದೆ. ಸಿಎನ್‌ಜಿ ಕಾರಿನವರು ಪ್ಲಗ್ಗನ್ನು ಮೊದಲೇ ನೋಡಿಸಿಕೊಳ್ಳಿ. ಗ್ಯಾಸ್ ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಸ್ಪಾರ್ಕ್ ಬೇಕು. ಗ್ಯಾಸಿನಲ್ಲಿ ಮಿಸ್ಸಿಂಗ್, ಪೆಟ್ರೋಲಿನಲ್ಲಿ ಸರಿ ಎಂದಾದರೆ ಎಷ್ಟೋ ಸಲ ತಪ್ಪು ಪ್ಲಗ್ಗಿನದೇ.

ಕೊಳ್ಳುವ ವಿಷಯದಲ್ಲಿ ನನ್ನದು ಒಂದೇ ಹಠ. ಕಾಯಿಲ್ ಮತ್ತು ಪ್ಲಗ್ ಕಂಪನಿಯ ಬಿಡಿಭಾಗದ ಕೌಂಟರಿನಲ್ಲೋ ಬಿಲ್ ಕೊಡುವ ಅಂಗಡಿಯಲ್ಲೋ ಮಾತ್ರ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆಯದೂ ಸಿಗುತ್ತದೆ, ಆದರೆ ಅರ್ಧ ಬೆಲೆಗೆ ‘ಅದೇ ಸಾರ್, ಪ್ಯಾಕಿಂಗ್ ಮಾತ್ರ ಬೇರೆ’ ಎಂದರೆ ವಾಪಸ್ ಬನ್ನಿ. ಡೂಪ್ಲಿಕೇಟ್ ಕಾಯಿಲ್ ಹಾಕಿಸಿದ ಸ್ನೇಹಿತನೊಬ್ಬ ಒಂದೇ ಮಳೆಗಾಲದಲ್ಲಿ ಎರಡು ಸಲ ದಾರಿಯಲ್ಲಿ ನಿಂತ. ಒಂದು ಕಾಯಿಲ್ ಹೋದರೆ ನಾಲ್ಕನ್ನೂ ಬದಲಿಸಿ ಎನ್ನುವವರಿದ್ದಾರೆ. ಬೇಡ, ಹೋದದ್ದನ್ನು ಮಾತ್ರ ಬದಲಿಸಿ. ಪ್ಲಗ್ ಮಾತ್ರ ಎಲ್ಲವನ್ನೂ ಒಟ್ಟಿಗೇ ಬದಲಿಸಿ.

ಇಷ್ಟಾದರೂ ಅದೇ ಸಿಲಿಂಡರ್ ಆದರೆ

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರ್ ಮೈಗೆ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿ. ಬೆಲ್ಟ್, ಫ್ಯಾನುಗಳಿಂದ ದೂರ ಇರಿ. ಟಕ್ ಟಕ್ ಸದ್ದು ಮೂರರಲ್ಲಿ ಇದ್ದು ಒಂದರಲ್ಲಿ ಇಲ್ಲದಿದ್ದರೆ ಅದು ತೆರೆಯುತ್ತಿಲ್ಲ, ಇಲ್ಲವೇ ಅದಕ್ಕೆ ಕರೆಂಟ್ ಬರುತ್ತಿಲ್ಲ. ಸದ್ದು ಸರಿ ಇದ್ದರೆ ಗ್ಯಾರೇಜಿಗೆ ಹೋಗಿ ಕಂಪ್ರೆಷನ್ ಟೆಸ್ಟ್ ಕೇಳಿ. ಎಲ್ಲ ಸಿಲಿಂಡರಿನ ಅಂಕಿಗಳನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಒಂದು ಮಾತ್ರ ತೀರಾ ಕಡಿಮೆ ಇದ್ದರೆ ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಲು ಹೇಳಿ. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಆ ಕೆಲಸ ಮನೆಯಂಗಳದ್ದಲ್ಲ.

ನನ್ನ ಡಿಕ್ಕಿಯಲ್ಲಿ ಈಗ ಒಂದು ಹಳೆಯ, ಆದರೆ ಚೆನ್ನಾಗಿರುವ ಕಾಯಿಲ್, 10 ನಂಬರ್ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್ ಮತ್ತು ಆ ಒಂದಡಿ ರಬ್ಬರ್ ಪೈಪು ಯಾವಾಗಲೂ ಇರುತ್ತದೆ. ಹೋದ ತಿಂಗಳು ಘಾಟಿಯ ಬದಿಯಲ್ಲಿ ನಿಂತಿದ್ದ ಒಂದು ಕುಟುಂಬಕ್ಕೆ ಆ ಕಾಯಿಲ್ ಹೊಂದಿತು. ಅವರು ಉಡುಪಿ ತಲುಪಿ, ವಾರದ ಮೇಲೆ ಕೊರಿಯರ್‌ನಲ್ಲಿ ವಾಪಸ್ ಕಳಿಸಿದರು.