ಗ್ರೀಸ್ ದ್ವೀಪಗಳಿಗೆ ಹೊರಟಿದ್ದೀರಾ? ಫೋನ್ ಇಲ್ಲೇ ಸಜ್ಜು ಮಾಡಿಕೊಳ್ಳಿ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದು ಸಣ್ಣ ಮೊಬೈಲ್ ಅಂಗಡಿ. ರಿಚಾರ್ಜ್, ರಿಪೇರಿ, ಹೊಸ ಸಿಮ್, ಎಲ್ಲ ಮಾಡುತ್ತೇವೆ. ಮೊದಲೆಲ್ಲ ವಿದೇಶ ಅಂದರೆ ಮಗ ಇರುವ ಅಮೆರಿಕ, ಇಲ್ಲವೇ ದುಬೈ. ಈಗ ಶಹಾಪುರದ ಸೀರೆ ವ್ಯಾಪಾರಿಗಳೂ ಮದುವೆಯಾಗಿ 25 ವರ್ಷ ಆಯಿತೆಂದು ಸ್ಯಾಂಟೊರಿನಿ, ಕ್ರೀಟ್, ರೋಡ್ಸ್ ಕಡೆ ಹೊರಡುತ್ತಾರೆ. ಹೊರಡುವ ಮುಂಚೆ ಅಂಗಡಿಗೆ ಬಂದು ಕೇಳುವುದು ಒಂದೇ: "ಅಣ್ಣಾರ, ಅಲ್ಲಿ ಹೋದಮ್ಯಾಲೆ ನಮ್ಮ ಫೋನ್ ನಡೀತೈತೇನ್ರಿ?"

ನಡೆಯುತ್ತದೆ. ಆದರೆ ಮುಕ್ಕಾಲು ಕೆಲಸ ಮನೆಯ ವೈಫೈನಲ್ಲೇ ಮುಗಿದಿರಬೇಕು. ನಾನೂ ನಮ್ಮ ಮನೆಯವರೂ ಆ ದ್ವೀಪಗಳಿಗೆ ಹೋಗಿ ಬಂದವರು. ಗಿರಾಕಿಗಳಿಗೆ ಕೂತು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಊರಿನ ಸಿಮ್ ಒಟಿಪಿಗೆ, ಇನ್ನೊಂದು ಸಿಮ್ ನೆಟ್‌ಗೆ. ಎರಡೂ ಒಂದೇ ಫೋನ್‌ನಲ್ಲಿ ಇರಬೇಕು. ಇದಿಷ್ಟು ಸರಿಯಾದರೆ ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ.

ಫೋನ್ ಇಸಿಮ್ ತಗೊಳ್ಳುತ್ತಾ?

ಇಸಿಮ್ ಅಂದರೆ ಕಾರ್ಡ್ ಇಲ್ಲದ ಸಿಮ್, ನೆಟ್‌ನಿಂದ ಫೋನ್‌ನೊಳಗೇ ಇಳಿಸಿಕೊಳ್ಳುವಂಥದ್ದು. ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿ. ಐಎಂಇಐ ನಂಬರ್ ಬರುತ್ತದೆ, ಅದು 15 ಅಂಕಿ. ಅದರ ಜೊತೆ ಇಐಡಿ ಅಂತ 32 ಅಂಕಿಯ ಉದ್ದ ನಂಬರ್ ಕಂಡರೆ ನಿಮ್ಮ ಫೋನ್‌ಗೆ ಇಸಿಮ್ ಹಾಕಬಹುದು. 2018ರ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ನಂತರ ಬಂದ ಐಫೋನ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಮಾಡೆಲ್ ನೋಡಿಯೇ ಹೇಳಬೇಕು. ದುಡ್ಡು ಕಟ್ಟುವ ಮುಂಚೆ ಇದನ್ನು ನೋಡಿಕೊಳ್ಳಿ.

ಇಸಿಮ್ ಇದ್ದರೆ ನನ್ನ ಓಟು ಅದಕ್ಕೇ. ಏರಾಲೊ, ನೊಮ್ಯಾಡ್, ಹೊಲಾಫ್ಲೈ ತರಹದ ಕಂಪನಿಗಳು ಗ್ರೀಸ್‌ಗೆ ಒಂದು ಪ್ಯಾಕ್, ಇಡೀ ಯುರೋಪಿಗೆ ಒಂದು ಪ್ಯಾಕ್ ಅಂತ ಮಾರುತ್ತವೆ. ಮನೆಯಲ್ಲೇ ಕೂತು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಾಕಿಕೊಳ್ಳಬಹುದು. ಹಾಕುವಾಗ ನೆಟ್ ಬೇಕೇ ಬೇಕು. ಅದಕ್ಕೇ ಅಲ್ಲಿ ಇಳಿದ ಮೇಲೆ ಮಾಡೋಣ ಅಂತ ಬಿಡಬೇಡಿ. ಇನ್ನೊಂದು, ಈ ಕೋಡ್ ಸಾಮಾನ್ಯವಾಗಿ ಒಂದೇ ಸಲ ಕೆಲಸ ಮಾಡುತ್ತದೆ. ನೆಟ್ ಬರುತ್ತಿಲ್ಲವೆಂದು ಗಾಬರಿಯಲ್ಲಿ ಇಸಿಮ್ ಡಿಲೀಟ್ ಮಾಡಿದರೆ ಮತ್ತೆ ಹಾಕಲು ಬರದೇ ಹೋಗಬಹುದು. ಪ್ಯಾಕ್‌ನ ದಿನಗಳು ಯಾವಾಗ ಶುರು ಅಂತಲೂ ಓದಿಕೊಳ್ಳಿ. ಕೆಲವು ಅಲ್ಲಿನ ನೆಟ್‌ವರ್ಕ್ ಸಿಕ್ಕ ಮೇಲೆ ಎಣಿಸುತ್ತವೆ, ಕೆಲವು ಹಾಕಿಕೊಂಡ ಕೂಡಲೇ.

ಇಸಿಮ್ ಇಲ್ಲದ ಫೋನಾದರೆ ಎರಡು ದಾರಿ. ನಮ್ಮ ಜಿಯೋ, ಏರ್‌ಟೆಲ್, ವಿಐ ಕಂಪನಿಗಳ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಒಂದು. ಅಲ್ಲಿಯ ಸಿಮ್ ಇನ್ನೊಂದು. ಗ್ರೀಸ್‌ನಲ್ಲಿ ಕಾಸ್ಮೋಟೆ, ವೊಡಾಫೋನ್, ನೋವಾ ಅಂತ ಮೂರು ಕಂಪನಿ ಇವೆ. ಪಾಸ್‌ಪೋರ್ಟ್ ತೋರಿಸದೆ ಸಿಮ್ ಕೊಡುವುದಿಲ್ಲ. ಏರ್‌ಪೋರ್ಟ್‌ನಲ್ಲೇ ತಗೊಳ್ಳುವ ಅವಸರ ಬೇಡ, ಪೇಟೆಯೊಳಗಿನ ಕಂಪನಿ ಅಂಗಡಿಯಲ್ಲಿ ವಿಚಾರಿಸಿ. ನಾಲ್ಕೈದು ದಿನದ ಪ್ರವಾಸಕ್ಕೆ, ವಯಸ್ಸಾದವರಿಗೆ ನಾನು ನಮ್ಮ ರೋಮಿಂಗ್ ಪ್ಯಾಕನ್ನೇ ಹಾಕಿಕೊಡುತ್ತೇನೆ. ಏನೂ ಬದಲಾಯಿಸುವ ತಾಪತ್ರಯ ಇಲ್ಲ, ಫೋನ್ ಮಾಡಲೂ ಬರುತ್ತದೆ. ಆದರೆ ಪ್ಯಾಕ್‌ನಲ್ಲಿ ಯಾವ ಯಾವ ದೇಶ ಇವೆ ಅಂತ ಪಟ್ಟಿ ತೆಗೆದು ಓದಿ. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಸೆಟ್ಟಿಂಗ್‌ನಲ್ಲಿ ಎಡವುವ ಜಾಗ

ಎರಡು ಸಿಮ್ ಹಾಕಿದ ಕೂಡಲೇ ಹೆಸರು ಕೊಡಿ. ಒಂದಕ್ಕೆ "ಊರು", ಇನ್ನೊಂದಕ್ಕೆ "ಗ್ರೀಸ್". ಸಿಮ್ 1, ಸಿಮ್ 2 ಅಂತ ಬಿಟ್ಟರೆ ಪ್ರಯಾಣದ ಸುಸ್ತಿನಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಆಮೇಲೆ ಮೊಬೈಲ್ ಡೇಟಾ ಯಾವುದರಿಂದ ಅಂತ ಕೇಳುವ ಕಡೆ "ಗ್ರೀಸ್" ಆರಿಸಿ.

ಈಗ ಡೇಟಾ ರೋಮಿಂಗ್. "ಊರು" ಸಿಮ್‌ಗೆ ಅದು ಆಫ್ ಇರಬೇಕು. "ಗ್ರೀಸ್" ಇಸಿಮ್‌ಗೆ ಆನ್ ಇರಬೇಕು. ಇಲ್ಲೇ ಬಹಳ ಜನ ತಪ್ಪುತ್ತಾರೆ. ರೋಮಿಂಗ್ ಅಂದರೆ ದುಡ್ಡು ಹೋಗುತ್ತದೆ ಅಂತ ಎರಡಕ್ಕೂ ಆಫ್ ಮಾಡಿಬಿಡುತ್ತಾರೆ. ಈ ಪ್ರವಾಸದ ಇಸಿಮ್‌ಗಳು ಬೇರೆ ಯಾವುದೋ ದೇಶದ ಕಂಪನಿಯವು, ಗ್ರೀಸ್‌ನಲ್ಲಿ ಅವಕ್ಕೂ ಅದು ಪರಊರೇ. ರೋಮಿಂಗ್ ಆನ್ ಮಾಡದಿದ್ದರೆ ರೇಂಜ್ ಪೂರ್ತಿ ಕಾಣುತ್ತದೆ, ನೆಟ್ ಮಾತ್ರ ಬರಲ್ಲ.

ಅದೇ ಪುಟದಲ್ಲಿ ಡೇಟಾ ತಾನಾಗಿ ಒಂದು ಸಿಮ್‌ನಿಂದ ಇನ್ನೊಂದಕ್ಕೆ ಬದಲಾಗಲಿ ಅನ್ನುವ ಆಯ್ಕೆ ಇರುತ್ತದೆ. ಐಫೋನ್‌ನಲ್ಲೂ ಇದೆ, ಹೊಸ ಆಂಡ್ರಾಯ್ಡ್‌ಗಳಲ್ಲೂ ಇದೆ. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಇಸಿಮ್‌ನ ರೇಂಜ್ ಇಳಿದಾಗ ಫೋನ್ ನಿಮ್ಮನ್ನು ಕೇಳದೆಯೇ ಊರಿನ ಸಿಮ್‌ನ ಡೇಟಾಕ್ಕೆ ಕೈ ಹಾಕಬಹುದು.

ವಾಟ್ಸಾಪ್ ಬಗ್ಗೆ ಚಿಂತೆ ಬೇಡ. ನೆಟ್ ಯಾವ ಸಿಮ್‌ನಿಂದ ಬಂದರೂ ನಿಮ್ಮ ಹಳೇ ನಂಬರ್‌ನಲ್ಲೇ ನಡೆಯುತ್ತದೆ. ನಂಬರ್ ಬದಲಾಯಿಸಲೇ ಅಂತ ಫೋನ್ ಕೇಳಿದರೆ ಬೇಡ ಅನ್ನಿ.

ಒಟಿಪಿ, ಕಾರ್ಡು

ಊರಿನ ಸಿಮ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇದ್ದರೂ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಚಾಲೂ ಇರಬೇಕು. ಇವೆರಡೂ ಬೇರೆ ಬೇರೆ. ಸೇವೆಯೇ ಬಂದ್ ಇದ್ದರೆ ಅಲ್ಲಿ ನೆಟ್‌ವರ್ಕ್ ಹಿಡಿಯಲ್ಲ, ಒಟಿಪಿ ಬರಲ್ಲ. ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಇದನ್ನು ನೋಡಿ, ಒಳಬರುವ ಎಸ್ಸೆಮ್ಮೆಸ್‌ಗೆ ದುಡ್ಡು ಇದೆಯೋ ಇಲ್ಲವೋ ಅದನ್ನೂ ನೋಡಿ. ಪ್ಲಾನ್ ಮಧ್ಯದಲ್ಲಿ ಮುಗಿಯದ ಹಾಗೆ ರಿಚಾರ್ಜ್ ಮಾಡಿಸಿಕೊಂಡೇ ಹೊರಡಿ. ಪ್ಯಾಕ್ ಇಲ್ಲದೆ ಒಳಬರುವ ಕಾಲ್ ಎತ್ತಿದರೂ ದುಡ್ಡು ಹೋಗುತ್ತದೆ. ಕಟ್ ಮಾಡಿ ವಾಟ್ಸಾಪ್‌ನಲ್ಲಿ ತಿರುಗಿ ಮಾಡಿ. ಮನೆಯವರಿಗೂ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಕಾರ್ಡಿನದೂ ಇದೇ ಕಥೆ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ವಿದೇಶದಲ್ಲಿ ಬಳಸಲು ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಫೋನ್‌ಪೇ ಇದೆಯಲ್ಲ ಅಂತ ಕೂರಬೇಡಿ. ಅಲ್ಲಿ ಕಾರ್ಡು ಮತ್ತು ಯೂರೋ ನೋಟು.

ಫೋನ್ ಗಡಿ ದಾಟುತ್ತದೆ, ನೀವು ದಾಟಿರುವುದಿಲ್ಲ

ನಾವು ಗಡಿ ಜಿಲ್ಲೆಯವರು, ಇದು ನಮಗೆ ಬೇಗ ತಿಳಿಯಬೇಕು. ದೇಶದೊಳಗೇ ರೋಮಿಂಗ್ ದುಡ್ಡು ಇದ್ದ ಕಾಲ ನೆನಪಿದೆಯಾ? ನಿಪ್ಪಾಣಿ ದಾಟಿ ಕೊಗನೊಳ್ಳಿ ಹತ್ತಿರ ಹೋದರೆ ಸಾಕು, ನಾವು ಇನ್ನೂ ಕರ್ನಾಟಕದಲ್ಲೇ ಇದ್ದರೂ ಫೋನ್ ಮಹಾರಾಷ್ಟ್ರದ ಟವರ್ ಹಿಡಿದು, ಬಂದ ಕಾಲ್‌ಗೂ ದುಡ್ಡು ಕಟ್ ಆಗುತ್ತಿತ್ತು. ಗ್ರೀಸ್‌ನ ಪೂರ್ವದ ದ್ವೀಪಗಳಲ್ಲಿ ಈಗಲೂ ಹಾಗೆಯೇ. ಎದುರಿಗೇ ಟರ್ಕಿ. ಸಾಮೋಸ್‌ನಿಂದ ಟರ್ಕಿಯ ದಡ ಎರಡು ಕಿಲೋಮೀಟರ್ ಕೂಡ ಇಲ್ಲ. ಕಾಸ್ಟೆಲೊರಿಜೊದಿಂದ ಸುಮಾರು ಎರಡು ಕಿಲೋಮೀಟರ್. ಕೋಸ್, ಸೀಮಿ ಕೂಡ ಬಹಳ ದೂರ ಇಲ್ಲ.

ಯುರೋಪ್ ಒಕ್ಕೂಟದ ದೇಶಗಳ ನಡುವೆ 2017ರ ಜೂನ್ 15ರಿಂದ ಹೆಚ್ಚುವರಿ ರೋಮಿಂಗ್ ದುಡ್ಡಿಲ್ಲ. ಅಂದರೆ ಗ್ರೀಸ್‌ನಲ್ಲಿ ಕೊಂಡ ಸಿಮ್ ಇಟಲಿಯ ಸಿಸಿಲಿ ದ್ವೀಪ, ಮಾಲ್ಟಾ ದೇಶದಲ್ಲೂ ಅದೇ ದರಕ್ಕೆ ನಡೆಯುತ್ತದೆ. ಡೇಟಾಕ್ಕೆ ಒಂದು ಮಿತಿ ಇರಬಹುದು, ಅಷ್ಟೇ. ಟರ್ಕಿ ಈ ಒಕ್ಕೂಟದಲ್ಲಿಲ್ಲ. ಆದ್ದರಿಂದ ಫೋನ್ ಆ ಕಡೆಯ ಟವರ್ ಹಿಡಿದರೆ ಎರಡರಲ್ಲಿ ಒಂದು ಆಗುತ್ತದೆ. ಪ್ಯಾಕ್‌ನಲ್ಲಿ ಟರ್ಕಿ ಇಲ್ಲದಿದ್ದರೆ ನೆಟ್ ನಿಲ್ಲುತ್ತದೆ, ಇಲ್ಲವೇ ಬೇರೆ ದರದಲ್ಲಿ ದುಡ್ಡು ಹೋಗುತ್ತದೆ. ರೋಡ್ಸ್‌ನ ಮಂದ್ರಾಕಿ ಬಂದರಿನಿಂದ ದೋಣಿಯಲ್ಲಿ ಸೀಮಿಗೆ ಹೋಗುವಾಗ ನಮ್ಮ ಮನೆಯವರ ಫೋನ್‌ನಲ್ಲಿ ಹೀಗೇ ಆಯಿತು. ರೇಂಜ್ ತುಂಬಾ ಇತ್ತು, ಮೇಲ್ಗಡೆ ಹೆಸರು ಮಾತ್ರ ಟರ್ಕ್‌ಸೆಲ್, ಟರ್ಕಿಯ ಕಂಪನಿ.

ಇದಕ್ಕೆ ಮದ್ದು ಸುಲಭ. ಸೆಟ್ಟಿಂಗ್, ಮೊಬೈಲ್ ನೆಟ್‌ವರ್ಕ್, ನೆಟ್‌ವರ್ಕ್ ಆಪರೇಟರ್. ಅಲ್ಲಿ ಆಟೋಮ್ಯಾಟಿಕ್ ತೆಗೆಯಿರಿ. ಫೋನ್ ಹುಡುಕಿ ಪಟ್ಟಿ ಕೊಡುವವರೆಗೆ ಕಾಯಿರಿ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಪಟ್ಟಿಯಲ್ಲಿ ನಿಮ್ಮ ಪ್ಯಾಕ್‌ಗೆ ಸೇರಿದ ಗ್ರೀಕ್ ಕಂಪನಿಯನ್ನು ಕೈಯಿಂದ ಆರಿಸಿ. ಎರಡೂ ಸಿಮ್‌ಗೆ ಮಾಡಿ. ದ್ವೀಪ ಬಿಟ್ಟು ಬೇರೆ ದೇಶಕ್ಕೆ ಹೋಗುವಾಗ ಮತ್ತೆ ಆಟೋಮ್ಯಾಟಿಕ್ ಹಾಕುವುದು ಮರೆಯಬೇಡಿ.

ಸೈಪ್ರಸ್‌ಗೆ ಹೋಗುವವರಿಗೂ ಇದು ಬೇಕು. ದ್ವೀಪದ ಉತ್ತರ ಭಾಗ ಟರ್ಕಿಯ ಹಿಡಿತದಲ್ಲಿದೆ, ಅಲ್ಲಿನ ನೆಟ್‌ವರ್ಕ್‌ಗಳಿಗೆ ಈ ಯುರೋಪ್ ನಿಯಮ ತಾಗುವುದಿಲ್ಲ. ಎರಡು ಭಾಗಗಳನ್ನು ಬೇರೆ ಮಾಡುವ ಗೆರೆ ರಾಜಧಾನಿ ನಿಕೋಸಿಯಾದ ನಡುವೆಯೇ ಹಾದುಹೋಗುತ್ತದೆ.

ಹಡಗು

ಅಥೆನ್ಸ್ ಹತ್ತಿರದ ಪಿರೇಯಸ್ ಬಂದರಿನಿಂದ ರೋಡ್ಸ್‌ಗೆ ರಾತ್ರಿಯಿಡೀ ಹಡಗಿನ ಪಯಣ. ದಡ ದೂರವಾದ ಮೇಲೆ ಹಡಗುಗಳು ತಮ್ಮದೇ ನೆಟ್‌ವರ್ಕ್ ಹಚ್ಚುವುದುಂಟು. ಅದು ಉಪಗ್ರಹದ ಮೂಲಕ ಬರುವುದು, ದರ ವಿಪರೀತ. ಯುರೋಪಿನ ರೋಮಿಂಗ್ ರಿಯಾಯಿತಿ ಅದಕ್ಕೆ ಇಲ್ಲ. ಫೋನ್‌ನ ಮೇಲೆ ಗೊತ್ತಿಲ್ಲದ ಹೆಸರು, ಅಥವಾ 901 ಅಂತ ಶುರುವಾಗುವ ಅಂಕಿ ಕಂಡರೆ ಅದೇ ಅಂತ ತಿಳಿಯಿರಿ. ಬಂದರು ಬಿಡುವಾಗಲೇ ಏರೋಪ್ಲೇನ್ ಮೋಡ್ ಹಾಕಿ. ಆಗಲೂ ಜಿಪಿಎಸ್ ನಡೆಯುತ್ತದೆ. ಡೌನ್‌ಲೋಡ್ ಮಾಡಿಕೊಂಡ ನಕ್ಷೆಯಲ್ಲಿ ಹಡಗು ಎಲ್ಲಿದೆ ಅಂತ ನೋಡುತ್ತಾ ಹೋಗಬಹುದು, ಮಕ್ಕಳಿಗೆ ಅದು ಬಹಳ ಖುಷಿ.

ನೆಟ್ ಇಲ್ಲದಾಗ

ಹೋಗುವ ಪ್ರತಿ ದ್ವೀಪದ ಗೂಗಲ್ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಗ್ರೀಕ್ ಭಾಷೆಯನ್ನೂ ಇಳಿಸಿಟ್ಟುಕೊಳ್ಳಿ. ಔಷಧಿ ಡಬ್ಬಿ, ಹಳ್ಳಿಯ ಬಸ್ ಬೋರ್ಡ್ ಓದಲು ಕ್ಯಾಮೆರಾ ಹಿಡಿದರೆ ಸಾಕು. ಹೋಟೆಲ್ ವಿಳಾಸ, ಹಡಗಿನ ಟಿಕೆಟ್ ಸ್ಕ್ರೀನ್‌ಶಾಟ್ ಆಗಿ ಇರಲಿ. ಕ್ರೀಟ್‌ನ ಸಮರಿಯಾ ಕಣಿವೆಯಲ್ಲಿ 16 ಕಿಲೋಮೀಟರ್ ನಡಿಗೆ. ಕೊನೆಗೆ ಸಿಗುವ ಅಗಿಯಾ ರೂಮೆಲಿ ಊರಿಗೆ ರಸ್ತೆಯೇ ಇಲ್ಲ, ದೋಣಿ ಹಿಡಿದೇ ಬರಬೇಕು. ಎತ್ತರದ ಬಂಡೆಗಳ ನಡುವೆ ರೇಂಜ್ ನಂಬಬೇಡಿ. ಯಾವ ದೋಣಿ, ಎಷ್ಟು ಗಂಟೆಗೆ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಡೇಟಾ ತಿನ್ನುವುದು ನಕ್ಷೆಯಲ್ಲ, ವಿಡಿಯೋ. ನೆಟ್‌ಫ್ಲಿಕ್ಸ್‌ನ ಲೆಕ್ಕದಲ್ಲೇ ಎಚ್‌ಡಿ ವಿಡಿಯೋಕ್ಕೆ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ. ವಾಟ್ಸಾಪ್‌ನ ಆಟೋ ಡೌನ್‌ಲೋಡ್ ನಿಲ್ಲಿಸಿ. ಫೋಟೋ ಬ್ಯಾಕಪ್ ವೈಫೈನಲ್ಲಿ ಮಾತ್ರ ಆಗಲಿ. ಊರಿನ ಗ್ರೂಪುಗಳ ಗುಡ್ ಮಾರ್ನಿಂಗ್ ವಿಡಿಯೋಗಳು ಸುಮ್ನೆ ಪ್ಯಾಕ್ ಖಾಲಿ ಮಾಡುತ್ತವೆ.

ಬೇಸಿಗೆಯಲ್ಲಿ ಹೋಗುವವರು ಇದನ್ನು ಓದಲೇಬೇಕು

2023ರ ಜುಲೈನಲ್ಲಿ ರೋಡ್ಸ್‌ನಲ್ಲಿ ಕಾಳ್ಗಿಚ್ಚು ಹಬ್ಬಿ ಸುಮಾರು 19,000 ಜನರನ್ನು ಹೋಟೆಲು, ಮನೆಗಳಿಂದ ಹೊರಗೆ ಸಾಗಿಸಬೇಕಾಯಿತು. ಅವರಲ್ಲಿ ಪ್ರವಾಸಿಗರೇ ಬಹಳ. ಗ್ರೀಸ್ ಸರ್ಕಾರ ಇಂಥ ಹೊತ್ತಿನಲ್ಲಿ 112 ಅನ್ನುವ ತುರ್ತು ಸೇವೆಯಿಂದ ಆ ಜಾಗದಲ್ಲಿರುವ ಫೋನ್‌ಗಳಿಗೆ ಜೋರು ಸದ್ದಿನ ಎಚ್ಚರಿಕೆ ಕಳಿಸುತ್ತದೆ, ಗ್ರೀಕ್‌ನಲ್ಲೂ ಇಂಗ್ಲಿಷ್‌ನಲ್ಲೂ. ಯಾವ ಕಡೆ ಹೋಗಬೇಕು ಅಂತಲೂ ಅದರಲ್ಲೇ ಇರುತ್ತದೆ. ಅದೇ 2023ರಲ್ಲಿ ನಮ್ಮಲ್ಲೂ ಪರೀಕ್ಷೆಗೆಂದು ಫೋನ್‌ಗಳು ಒಮ್ಮೆಲೇ ಕೂಗಿದ್ದವಲ್ಲ, ಆ ತರಹದ್ದು.

ಇದಕ್ಕೆ ಡೇಟಾ ಬೇಡ, ಅಲ್ಲಿನ ನಂಬರೂ ಬೇಡ. ಫೋನ್ ಅಲ್ಲಿನ ಟವರ್ ಹಿಡಿದಿದ್ದರೆ ಸಾಕು. ಆದ್ದರಿಂದ ದುಡ್ಡು ಉಳಿಸಲು ದಡದ ಮೇಲೂ ಏರೋಪ್ಲೇನ್ ಮೋಡ್‌ನಲ್ಲಿ ಇಡಬೇಡಿ, ಹೋಟೆಲ್ ವೈಫೈ ಸಾಕು ಅನ್ನಬೇಡಿ. ಸೆಟ್ಟಿಂಗ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ ಅಂತ ಹುಡುಕಿ, ಆನ್ ಇದೆಯಾ ನೋಡಿ. ಗಂಡ, ಹೆಂಡತಿ, ಮಕ್ಕಳು, ಎಲ್ಲರ ಫೋನ್‌ನಲ್ಲೂ. ಒಬ್ಬರ ಹಾಟ್‌ಸ್ಪಾಟ್‌ನಲ್ಲಿ ಉಳಿದವರು ನಡೆಸಬಹುದು, ಆದರೆ ಪ್ರತಿ ಫೋನ್‌ಗೂ ಟವರ್ ಸಿಕ್ಕಿರಲಿ. ರೆಸಾರ್ಟ್‌ನಲ್ಲಿ ಒಬ್ಬರು ಈಜಲು, ಒಬ್ಬರು ಪೇಟೆಗೆ ಹೋಗಿರುತ್ತೀರಿ ಅಲ್ವಾ?

ಊರಿಗೆ ಫೋನ್ ಮಾಡುವಾಗ ಹೊತ್ತು ನೋಡಿ. ಬೇಸಿಗೆಯಲ್ಲಿ ಗ್ರೀಸ್ ನಮಗಿಂತ ಎರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಮೂರೂವರೆ. ಮಾಲ್ಟಾ, ಸಿಸಿಲಿ ಇನ್ನೂ ಒಂದು ಗಂಟೆ ಹಿಂದೆ. ಅಲ್ಲಿ ರಾತ್ರಿ ಊಟಕ್ಕೆ ಕೂತಾಗ ಇಲ್ಲಿ ಅವ್ವ ಮಲಗಿರುತ್ತಾರೆ. ಬೆಳಗಿನ ತಿಂಡಿ ಹೊತ್ತಿಗೆ ಮಾಡಿದರೆ ಮನೆಯಲ್ಲಿ ಎಲ್ಲರೂ ಸಿಗುತ್ತಾರೆ.

ವಾಪಸ್ ಬಂದು ಮುಂಬೈನಲ್ಲೋ ಗೋವಾದಲ್ಲೋ ಇಳಿದ ಮೇಲೆ ಡೇಟಾ ಮತ್ತೆ "ಊರು" ಸಿಮ್‌ಗೆ ಹಾಕಿ, ಕೈಯಿಂದ ಆರಿಸಿದ ನೆಟ್‌ವರ್ಕನ್ನು ಆಟೋಮ್ಯಾಟಿಕ್‌ಗೆ ತನ್ನಿ. ಇಸಿಮ್ ಆ್ಯಪ್‌ನಲ್ಲಿ ತಾನಾಗಿ ರಿಚಾರ್ಜ್ ಆಗುವ ಆಯ್ಕೆ ಇದ್ದರೆ ಮೊದಲು ಅದನ್ನು ತೆಗೆಯಿರಿ, ಆಮೇಲೆ ಇಸಿಮ್ ಡಿಲೀಟ್ ಮಾಡಿ.