ಹಸಿ ಜೆಲ್ ಮತ್ತು ನನ್ನ ತೋರುಬೆರಳು

ಮೊದಲು ತುರಿಕೆ ಶುರುವಾಗಿದ್ದು ಬಲಗೈ ತೋರುಬೆರಳಿನ ತುದಿಯಲ್ಲಿ. ಮನೆಯಲ್ಲಿ ಆಗ ಕಾಳುಮೆಣಸು ಬಿಡಿಸುವ ಕೆಲಸ ನಡೀತಿತ್ತು, ಅದರ ಖಾರ ಅಂದುಕೊಂಡೆ. ಅತ್ತೆಗೆ ಅನುಮಾನ ಪಾತ್ರೆ ಸೋಪಿನ ಮೇಲೆ. ಸೋಪು ಬದಲಾಯಿತು, ಮೆಣಸು ಮೂಟೆ ಸೇರಿತು, ತುರಿಕೆ ಮಾತ್ರ ಹೋಗಲಿಲ್ಲ. ತಿಂಗಳೊಳಗೆ ಹೆಬ್ಬೆರಳೂ ಸೇರಿ ಮೂರು ಬೆರಳಿನ ಚರ್ಮ ಒಣಗಿ, ಸೀಳಿ, ಈರುಳ್ಳಿ ಸಿಪ್ಪೆಯ ಹಾಗೆ ಏಳತೊಡಗಿತು. ರೇಷನ್ ಅಂಗಡಿಯ ಮೆಷಿನ್ ಐದು ಸಲ ಒತ್ತಿದರೂ ನನ್ನ ಹೆಬ್ಬೆಟ್ಟು ಹಿಡಿಯಲಿಲ್ಲ. ಹಿಂದೆ ಕ್ಯೂ ನಿಂತವರು ಗೊಣಗಿದರು.

ಚಿಕ್ಕಮಗಳೂರಲ್ಲಿ ನನ್ನದು ಎರಡು ಕುರ್ಚಿಯ ಪಾರ್ಲರ್. ಹುಬ್ಬು, ಫೇಶಿಯಲ್, ಮದುಮಗಳ ಮೇಕಪ್ ಅಂತ ಇದ್ದವಳು ಗಿರಾಕಿಗಳು ಕೇಳಿದರೆಂದು ಬೆಂಗಳೂರಲ್ಲಿ ಐದು ದಿನದ ಕೋರ್ಸ್ ಮಾಡಿ ಬಂದು ಜೆಲ್ ಉಗುರು (ಉಗುರಿಗೆ ಜೆಲ್ ಬಳಿದು ಲ್ಯಾಂಪಿನ ಬೆಳಕಲ್ಲಿ ಗಟ್ಟಿ ಮಾಡುವುದು) ಶುರು ಮಾಡಿದೆ. ಅಲ್ಲಿ ಕಲಿಸಿದ್ದು ಆಕಾರ, ಬಣ್ಣ, ಹೊಳಪು. ಜೆಲ್ ಚರ್ಮಕ್ಕೆ ತಾಗಬಾರದು ಅಂತ ಯಾರೂ ಒತ್ತಿ ಹೇಳಲಿಲ್ಲ. ಉಗುರಿನ ಅಂಚಿಗೆ ಹರಿದ ಜೆಲ್ಲನ್ನು ಬರಿಬೆರಳಲ್ಲೇ ಒರೆಸಿಬಿಡುತ್ತಿದ್ದೆ, ಪಾತ್ರೆಯ ಅಂಚಿಗೆ ಮೆತ್ತಿದ ದೋಸೆಹಿಟ್ಟು ಒರೆಸಿದ ಹಾಗೆ. ಯಾವ ಬೆರಳಲ್ಲಿ? ಅದೇ ತೋರುಬೆರಳಲ್ಲಿ.

ಚರ್ಮದ ಡಾಕ್ಟರು ಕೈ ಹಿಡಿದು ನೋಡುವ ಮೊದಲೇ "ಏನು ಕೆಲಸ ಮಾಡ್ತೀರಮ್ಮ?" ಅಂತ ಕೇಳಿದರು. ಯಾವುದರ ಅಲರ್ಜಿ ಅಂತ ಹುಡುಕುವ ಪ್ಯಾಚ್ ಟೆಸ್ಟಿನ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ, ಎರಡು ದಿನ ಬೆನ್ನು ಒದ್ದೆ ಮಾಡಬೇಡಿ ಅಂದರು. ಕೊನೆಗೆ ಕೆಂಪಗೆ ಎದ್ದು ನಿಂತಿದ್ದು ಹೈಡ್ರಾಕ್ಸಿ ಈಥೈಲ್ ಮೆಥಾಕ್ರಿಲೇಟ್ ಅನ್ನುವ, ಉಗುರಿನ ಜೆಲ್ಲಿನಲ್ಲಿರುವ ರಾಸಾಯನಿಕ ಇಟ್ಟ ಜಾಗ. ಚಿಕ್ಕದಾಗಿ ಅದನ್ನು 'ಹೇಮಾ' ಅಂತಾರೆ. ನಮ್ಮ ಚಿಕ್ಕಮ್ಮನ ಹೆಸರು! ನಗು ಬಂತು, ಮುಂದಿನ ಮಾತಿಗೆ ನಿಂತೂ ಹೋಯಿತು. ಈ ಅಲರ್ಜಿ ಒಮ್ಮೆ ಮೈಗೆ ಹತ್ತಿದರೆ ಸಾಮಾನ್ಯವಾಗಿ ಸಾಯುವ ತನಕ ಬಿಡುವುದಿಲ್ಲವಂತೆ. ಹುಳುಕು ಹಲ್ಲಿಗೆ ತುಂಬುವ ಬಿಳಿ ಫಿಲ್ಲಿಂಗ್, ಮಂಡಿ ಆಪರೇಷನ್ನಿಗೆ ಬಳಸುವ ಬೋನ್ ಸಿಮೆಂಟ್, ಸಕ್ಕರೆ ಕಾಯಿಲೆಯವರು ತೋಳಿಗೆ ಹಾಕಿಕೊಳ್ಳುವ ಕೆಲವು ಸೆನ್ಸರ್‌ಗಳ ಅಂಟು, ಎಲ್ಲದರಲ್ಲೂ ಇದೇ ಕುಟುಂಬದ ರಾಸಾಯನಿಕ. ಹಲ್ಲಿನ ಡಾಕ್ಟರಿಗೆ ತೋರಿಸಲು ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ.

ಪೂರ್ತಿ ಗಟ್ಟಿಯಾದ ಜೆಲ್‌ನಿಂದ ಅಷ್ಟು ಭಯವಿಲ್ಲ. ತೊಂದರೆ ಹಸಿ ಜೆಲ್ಲಿನದು. ನಾನು ಜೆಲ್ ಒಂದು ಕಂಪನಿಯದು, ಲ್ಯಾಂಪ್ ಇನ್ನೊಂದರದು ತಂದಿದ್ದೆ, ಇನ್ನೂರು ರೂಪಾಯಿ ಉಳಿಯಿತೆಂದು ಖುಷಿಪಟ್ಟಿದ್ದೆ. ಸಾಮಾನ್ಯವಾಗಿ ಈ ಲ್ಯಾಂಪ್‌ಗಳ ಬೆಳಕಿನ ತರಂಗಾಂತರ (ಅಲೆಯ ಉದ್ದ) 365 ಅಥವಾ 405 ನ್ಯಾನೋಮೀಟರ್ ಆಸುಪಾಸಿನದು. ಆ ಜೆಲ್ಲಿಗೆ ಬೇಕಾದಷ್ಟು ಬೆಳಕು ಸಿಗದಿದ್ದರೆ, ಅಥವಾ ಒಂದೇ ಸಲ ದಪ್ಪ ಬಳಿದರೆ, ಮೇಲೆ ಬೆಂದು ಒಳಗೆ ಹಿಟ್ಟಾಗೇ ಉಳಿದ ಕಡುಬಿನ ಕತೆ. ಮುಟ್ಟಿದರೆ ಗೊತ್ತಾಗುವುದಿಲ್ಲ. ಯುರೋಪಿನಲ್ಲಿ ಹೇಮಾ ಇರುವ ಉಗುರಿನ ಸಾಮಾನನ್ನು ಕಲಿತವರು ಮಾತ್ರ ಬಳಸಬೇಕು ಅಂತ 2020ರಲ್ಲೇ ನಿಯಮ ಮಾಡಿದ್ದಾರೆ. ಜೆಲ್ ಗಟ್ಟಿಯಾಗಲು ಹಾಕುತ್ತಿದ್ದ ಟಿಪಿಒ ಅನ್ನುವುದನ್ನು 2025ರ ಸೆಪ್ಟೆಂಬರ್ 1ರಿಂದ ನಿಲ್ಲಿಸಿಯೇಬಿಟ್ಟರು. ನಮ್ಮಲ್ಲಿ ಕಾಲೇಜು ಹುಡುಗಿಯರು ಆನ್‌ಲೈನ್ ಕಿಟ್ ತರಿಸಿ ಹಾಸ್ಟೆಲ್ ಮಂಚದ ಮೇಲೆ ಕೂತು ಹಚ್ಚಿಕೊಳ್ಳುತ್ತಾರೆ. ನನಗೆ ಭಯ ಅವರದ್ದೇ.

ಈಗ ನೈಟ್ರೈಲ್ ಗ್ಲೌಸ್ ಇಲ್ಲದೆ ಬ್ರಷ್ ಮುಟ್ಟುವುದಿಲ್ಲ. ತೆಳು ಗ್ಲೌಸಿನ ಮೂಲಕ ಈ ದ್ರವ ಕೆಲವೇ ನಿಮಿಷಕ್ಕೆ ಒಳಗಿಳಿಯುತ್ತದೆ, ಹಾಗಾಗಿ ಜೆಲ್ ತಾಗಿದ ತಕ್ಷಣ ಬದಲಿಸುತ್ತೇನೆ. ಎಕ್ಸ್‌ಟೆನ್ಶನ್, ಅಂದರೆ ಉಗುರಿಗೆ ಉದ್ದ ಜೋಡಿಸುವ ಕೆಲಸ, ಪೂರ್ತಿ ಬಿಟ್ಟಿದ್ದೇನೆ.

ನನ್ನ ಬೆರಳು ಕೆಟ್ಟ ಮೇಲೆಯೇ ಗಿರಾಕಿಗಳ ಉಗುರನ್ನು ಸರಿಯಾಗಿ ನೋಡಲು ಕಲಿತಿದ್ದು. "ಅಕ್ಕಾ, ಉಗುರಿಗೆ ಉಸಿರಾಡೋಕೆ ಒಂದು ತಿಂಗಳು ಬಿಡ್ಬೇಕಂತಲ್ಲ?" ಅಂತ ಎಲ್ಲರೂ ಕೇಳುತ್ತಾರೆ. ಕಾಣುವ ಉಗುರು ಸತ್ತ ಜೀವಕೋಶಗಳ ಹಲಗೆ, ಅದು ಉಸಿರಾಡುವುದಿಲ್ಲ. ಜೀವ ಇರುವುದು ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ. ಬಿಳಿ ಅರ್ಧಚಂದ್ರವಾಗಿ ಕಾಣುವುದು ಅದರ ತುದಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಉಗುರು ಉಜ್ಜುವ ಡ್ರಿಲ್ ಮೆಷಿನ್ ಹಿಡಿದವಳು ಎರಡು ನಿಮಿಷದಲ್ಲಿ ತೆಳ್ಳಗೆ ಮಾಡಿದ್ದು ಸರಿಹೋಗಲು ಅಷ್ಟು ಕಾಲ. ಬುಡದ ಹತ್ತಿರ ಕೆಂಪು ಗೆರೆ ಬಳೆಯಂತೆ ಮೂಡಿದ್ದರೆ ಯಾರೋ ಡ್ರಿಲ್ ಒತ್ತಿದ್ದಾರೆ ಎಂದೇ ಲೆಕ್ಕ.

ಬುಡದ ತೆಳು ಪೊರೆ ಕತ್ತರಿಸುವುದನ್ನೂ ಬಿಟ್ಟೆ. ಅದು ಬಾಗಿಲ ಸಂದಿಗೆ ಇಟ್ಟ ಬಟ್ಟೆಯಿದ್ದ ಹಾಗೆ, ತೆಗೆದರೆ ಉಗುರುಸುತ್ತು ಬರಲು ದಾರಿ. ಬಂದ ಮೇಲೆ ನಿಂಬೆಹಣ್ಣಿಗೆ ಬೆರಳು ತೂರಿಸಿಕೊಂಡು ಕೂರಬೇಕು, ಕೀವಾದರೆ ಡಾಕ್ಟರು.

ಮಲೆನಾಡಿನ ಮಳೆಗಾಲ ಇನ್ನೊಂದು ಕತೆ. ಒಂದು ಜುಲೈನಲ್ಲಿ ಮೂಡಿಗೆರೆ ಕಡೆಯ ಹುಡುಗಿ ಅಮ್ಮನ ಜೊತೆ ಬಂದಳು, ಬೇರೆಲ್ಲೋ ಹಾಕಿಸಿದ ಉಗುರು. ಹೆಬ್ಬೆರಳಿನದು ಒಂದು ಬದಿ ಎದ್ದಿತ್ತು, ಅಂಗಡಿಯ ಸೂಪರ್ ಗ್ಲೂ ಗಮ್ ಹಾಕಿ ಅಂಟಿಸಿಕೊಂಡಿದ್ದಳು. (ಆ ಗಮ್ ಹತ್ತಿ ಬಟ್ಟೆಗೆ ಚೆಲ್ಲಿದರೆ ಬಿಸಿಯೆದ್ದು ಚರ್ಮ ಸುಡುತ್ತದೆ, ಜೋಪಾನ.) ತೆಗೆದು ನೋಡಿದರೆ ಕೆಳಗೆ ಪಾಚಿ ಹಸಿರು. "ಎಂಥದಿದು, ಬೂಷ್ಟಾ?" ಅಂದರು ಅಮ್ಮ. ಬೂಷ್ಟಲ್ಲ. ಎದ್ದ ಸಂದಿಯಲ್ಲಿ ನೀರು ನಿಂತರೆ ಬೆಳೆಯುವ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ, ಅದು ಬಿಡುವ ಬಣ್ಣ. "ಮದುವೆಗೆ ನಾಲ್ಕೇ ದಿನ, ಮೇಲೆ ಕೆಂಪು ಹಚ್ಚಿ ಮುಚ್ಚಿಬಿಡಿ ಅಕ್ಕಾ" ಅಂತ ಹುಡುಗಿ ಗೋಗರೆದಳು. ಹಚ್ಚಲಿಲ್ಲ. ಉಗುರು ಗಿಡ್ಡ ಮಾಡಿ, ಒಣಗಿಸಿ, ಡಾಕ್ಟರ ಹತ್ತಿರ ಕಳಿಸಿದೆ. ಅವಳು ಮತ್ತೆ ಬರಲಿಲ್ಲ.

ಇನ್ನೂ ಕೆಲವರನ್ನು ವಾಪಸ್ ಕಳಿಸುತ್ತೇನೆ. ಒಂದೇ ಉಗುರಲ್ಲಿ ಕಪ್ಪು ಪಟ್ಟೆ ಬಂದು ಅಗಲವಾಗುತ್ತಿದ್ದರೆ ಬಣ್ಣವಿಲ್ಲ, ಮೊದಲು ಡಾಕ್ಟರು. ನರ್ಸಿಂಗ್ ಹುಡುಗಿಯರಿಗೂ ಇಲ್ಲ. ರೋಗಿಗಳನ್ನು ಮುಟ್ಟುವವರು ಕೃತಕ ಉಗುರು ಹಾಕಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2009ರಲ್ಲಿ ಹೇಳಿದೆ, ಎಷ್ಟು ತೊಳೆದರೂ ಅದರಡಿಯಲ್ಲಿ ಕ್ರಿಮಿ ಉಳಿಯುತ್ತದೆ.

ಹೆಚ್ಚು ಉಗುರು ಹಾಳಾಗುವುದು ಹಾಕುವಾಗಲ್ಲ, ತೆಗೆಯುವಾಗ. ಟಿವಿ ನೋಡುತ್ತಾ ಹಲ್ಲಲ್ಲಿ ಕಚ್ಚಿ ಎಬ್ಬಿಸುತ್ತಾರೆ. ಜೆಲ್ ಜೊತೆ ಸ್ವಂತ ಉಗುರಿನ ಪದರವೂ ಎದ್ದು ಬರುತ್ತದೆ. ಮೇಲಿನ ಹೊಳಪು ಉಜ್ಜಿ, ಅಸಿಟೋನಿನಲ್ಲಿ ಅದ್ದಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ ಹತ್ತು ಹದಿನೈದು ನಿಮಿಷ ಕಾಯಬೇಕು. ಮೆತ್ತಗಾಗಿದ್ದನ್ನು ಕಡ್ಡಿಯಿಂದ ಸರಿಸಬೇಕು, ಬಾರದಿದ್ದರೆ ಮತ್ತೆ ಸುತ್ತಬೇಕು. ಆಮೇಲೆ ಕೊಬ್ಬರಿ ಎಣ್ಣೆ. ಈ ಕೆಲಸಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ, ತಗೊಂಡರೆ ಮನೆಯಲ್ಲೇ ಕಿತ್ತುಕೊಳ್ಳುತ್ತಾರೆ. ಅರ್ಧ ಗಂಟೆ ಕುರ್ಚಿ ಹಿಡಿಯುತ್ತದೆ ಅಂತ ನಮ್ಮ ಯಜಮಾನರಿಗೆ ಇವತ್ತಿಗೂ ಸಿಟ್ಟು.